ಅಡ್ರೆಸ್ ಊರಿನದು, ಮನೆ ಟೌನ್‌ಶಿಪ್ಪಿನದು: ಮಿಶಿಗನ್‌ನ ಒಂದು ಮನೆಯ ಕಥೆ

ಮಾರ್ಚ್ ಕೊನೆಯ ವಾರ. ಅಕ್ಕ ಫೋನ್ ಮಾಡಿದವಳೇ ಕೇಳಿದಳು, "ಈ ಶನಿವಾರ ಮನೇಲಿರ್ತೀಯೇನೋ? ನಾಲ್ಕು ಲೋಡ್ ಬಟ್ಟೆ ಒಗೀಬೇಕು." ಅವಳ ಮನೆಯಿಂದ ನಮ್ಮನೆಗೆ ಒಂದೂಕಾಲು ಗಂಟೆ ದಾರಿ. ಬಟ್ಟೆ ಒಗೆಯೋಕೆ ಯಾರೂ ಅಷ್ಟು ದೂರ ಬರೋದಿಲ್ಲ. ಏನೋ ಆಗಿದೆ ಅಂದುಕೊಂಡೆ.

ಆಗಿದ್ದು ಇಷ್ಟು. ಅವಳ ಮನೆಯ ಸೆಪ್ಟಿಕ್, ಅಂದರೆ ಮನೆಯ ಕೊಳಚೆ ನೀರನ್ನು ಅಂಗಳದಲ್ಲೇ ಇಂಗಿಸೋ ವ್ಯವಸ್ಥೆ, ಕೈಕೊಟ್ಟಿತ್ತು. ವಾಷಿಂಗ್ ಮಷಿನ್ ತಿರುಗಿದರೆ ಕೆಳಗಿನ ಬಚ್ಚಲಲ್ಲಿ ಗುಳುಗುಳು ಸದ್ದು, ಆಮೇಲೆ ಬೂದು ಬಣ್ಣದ ನೀರು ಮೇಲಕ್ಕೆ. ಮನೆ ಮುಂದಿನ ಹುಲ್ಲುಹಾಸಿನಲ್ಲಿ ಒಂದು ಕಡೆ ಕಾಲಿಟ್ಟರೆ ಪಚಪಚ. ವಾಸನೆ ಬೇರೆ. ಸರಿಯಾಗೋಕೆ ಜೂನ್ ಕೊನೆಯಾಯಿತು. ಆ ಮೂರು ತಿಂಗಳಲ್ಲಿ ಅಕ್ಕ-ಭಾವ ತಾವು ನಿಜವಾಗಿ ಎಲ್ಲಿದ್ದೇವೆ ಅನ್ನೋದನ್ನು ಕಲಿತರು. ಅವರಿಬ್ಬರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕಬೇಡ ಅಂದರು, ಹಾಕಿಲ್ಲ.

ಮನೆ ಎಲ್ಲಿದೆ

ಮಿಶಿಗನ್‌ನ ದಕ್ಷಿಣ ಭಾಗದಲ್ಲಿ ಒಂದು ಪುಟ್ಟ ಊರು. ಡೌನ್‌ಟೌನ್ ಅಂದರೆ ನಾಲ್ಕು ಬ್ಲಾಕ್ ಇಟ್ಟಿಗೆ ಕಟ್ಟಡಗಳು. ಒಂದು ಲೈಬ್ರರಿ, ಹಾರ್ಡ್‌ವೇರ್ ಅಂಗಡಿ, ಬೆಳಗ್ಗೆ ಆರಕ್ಕೇ ತೆರೆಯೋ ಡೈನರ್, ರೈಲು ಹಳಿ ಪಕ್ಕ ಜೋಳ, ಸೋಯಾ ತುಂಬಿಸೋ ಎತ್ತರದ ಕಣಜ. ಅಲ್ಲಿಂದ 3 ಮೈಲಿ ಆಚೆ, ಜಲ್ಲಿ ರಸ್ತೆಯ ಮೇಲೆ, 5 ಎಕರೆ ಜಾಗದಲ್ಲಿ ಅಕ್ಕನ ಮನೆ. 2021ರಲ್ಲಿ ತಗೊಂಡಿದ್ದು. ಭಾವನಿಗೆ ಆಗ ಪೂರ್ತಿ ಮನೆಯಿಂದಲೇ ಕೆಲಸ. "ಡೌನ್‌ಟೌನ್‌ಗೆ ಏಳು ನಿಮಿಷ ಕಣೋ. ಹಳ್ಳಿಯೂ ಆಯ್ತು, ಪೇಟೆಯೂ ಆಯ್ತು" ಅಂತ ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಆದರೆ ಆ ಮನೆ ಇರೋದು ಊರಿನೊಳಗಲ್ಲ, ಅದರ ಪಕ್ಕದ ಟೌನ್‌ಶಿಪ್ಪಿನಲ್ಲಿ. ಟೌನ್‌ಶಿಪ್ ಅಂದರೆ ನಮಗೆ ತಟ್ಟನೆ ನೆನಪಾಗೋದು ಕಾರ್ಖಾನೆಯವರು ಕಟ್ಟಿಸಿದ ಕ್ವಾರ್ಟರ್ಸ್. ಇಲ್ಲಿ ಅದು ಬೇರೆಯೇ. 1785ರಲ್ಲಿ ಅಮೆರಿಕದವರು ಈ ಕಡೆಯ ಭೂಮಿಯನ್ನು ಮಾರೋಕೆ ಅಂತ ಕಾನೂನು ಮಾಡಿ ಚೌಕ ಚೌಕವಾಗಿ ಅಳೆಯಲು ಶುರು ಮಾಡಿದರು. 6 ಮೈಲಿ ಉದ್ದ, 6 ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರೊಳಗೆ 36 ತುಂಡು, ಒಂದೊಂದು 640 ಎಕರೆ. ಹದಿನಾರನೇ ತುಂಡು ಶಾಲೆಗೆ ಮೀಸಲು. ಅಕ್ಕನ ಮನೆ ಸುತ್ತ ಮೈಲಿಗೊಂದು ನೇರ ರಸ್ತೆ ಇರೋದು ಈ ಗೆರೆಗಳಿಂದಲೇ. ಡೆಟ್ರಾಯಿಟ್‌ನ ಎಯ್ಟ್ ಮೈಲ್ ರೋಡ್ ಗೊತ್ತಲ್ವಾ, ಅದು ಈ ಅಳತೆಯ ಮೂಲ ಗೆರೆಯ ಮೇಲೇ ಇದೆ.

ಆಮೇಲೆ ಆ ಚೌಕಗಳೇ ಸ್ಥಳೀಯ ಸರ್ಕಾರಗಳೂ ಆದವು. ಮಿಶಿಗನ್‌ನಲ್ಲಿ ಈಗ 83 ಕೌಂಟಿ (ನಮ್ಮ ಜಿಲ್ಲೆಗಳ ಹಾಗೆ), 1,240 ಟೌನ್‌ಶಿಪ್ ಇವೆ. ನಮ್ಮ ಗ್ರಾಮ ಪಂಚಾಯಿತಿ ಅಂದುಕೊಂಡರೆ ಅರ್ಧ ಸರಿ. ಒಬ್ಬ ಸೂಪರ್‌ವೈಸರ್, ಒಬ್ಬ ಕ್ಲರ್ಕ್, ಒಬ್ಬ ಖಜಾಂಚಿ, ಜೊತೆಗೆ ಇಬ್ಬರೋ ನಾಲ್ವರೋ ಟ್ರಸ್ಟಿಗಳು. ಎಲ್ಲರೂ ಚುನಾವಣೆಯಲ್ಲಿ ಗೆದ್ದವರೇ, ಕ್ಲರ್ಕ್ ಕೂಡ. ಊರು ಬೆಳೆದು ಸಿಟಿ ಅನ್ನಿಸಿಕೊಂಡರೆ ಟೌನ್‌ಶಿಪ್ಪಿನಿಂದ ಪೂರ್ತಿ ಹೊರಗೆ ಹೋಗುತ್ತದೆ. ಅದರ ಕೌನ್ಸಿಲ್ ಬೇರೆ, ತೆರಿಗೆ ಬೇರೆ, ಪೈಪು ಬೇರೆ. ಈ ಪುಟ್ಟ ಊರೂ ಅಂಥದೊಂದು ಸಿಟಿಯೇ.

ಎಡವಟ್ಟು ಶುರುವಾಗೋದು ಅಡ್ರೆಸ್ಸಿನಿಂದ. ಅಕ್ಕನ ಮನೆಗೆ ಬರೋ ಕಾಗದಗಳ ಮೇಲೆ ಆ ಊರಿನ ಹೆಸರೇ ಇರುತ್ತದೆ. ಅದು ಅಂಚೆ ಇಲಾಖೆ ತನ್ನ ಬಟವಾಡೆಯ ಅನುಕೂಲಕ್ಕೆ ಮಾಡಿಕೊಂಡ ಲೆಕ್ಕ. ಊರಿನ ಗಡಿಗೂ ಅದಕ್ಕೂ ಸಂಬಂಧವಿಲ್ಲ. ಇವರು ಮಾತ್ರ ಎರಡು ವರ್ಷ ತಾವು ಆ ಊರಿನವರೇ ಅಂದುಕೊಂಡಿದ್ದರು. 2023ರಲ್ಲಿ ಸಿಟಿ ಕೌನ್ಸಿಲ್ ಚುನಾವಣೆಗೆ ಯಾರಿಗೆ ಓಟು ಹಾಕೋದು ಅಂತ ಮನೆಯಲ್ಲಿ ಚರ್ಚೆಯೂ ನಡೆದಿತ್ತು. ಓಟೇ ಇಲ್ಲ ಅಂತ ಗೊತ್ತಾದ ದಿನ ಭಾವ ಪೆಚ್ಚಾದರು.

ಅಗ್ಗ ಅನ್ನಿಸಿದ್ದು

ಇವರನ್ನು ಟೌನ್‌ಶಿಪ್ಪಿಗೆ ಎಳೆದದ್ದು ಜಾಗ ಒಂದೇ ಅಲ್ಲ, ತೆರಿಗೆಯೂ ಹೌದು. ಮಿಶಿಗನ್‌ನಲ್ಲಿ ಆಸ್ತಿ ತೆರಿಗೆಯ ಲೆಕ್ಕ ಮಿಲ್‌ಗಳಲ್ಲಿ. ತೆರಿಗೆಗೆ ಹಿಡಿಯೋ ಮೌಲ್ಯದ ಪ್ರತಿ 1,000 ಡಾಲರ್‌ಗೆ 1 ಡಾಲರ್ ಅಂದರೆ 1 ಮಿಲ್. ಸಿಟಿ ತನ್ನ ಖರ್ಚಿಗೆ 20 ಮಿಲ್ ತನಕ ಹಾಕಬಹುದು. ಸಣ್ಣ ಟೌನ್‌ಶಿಪ್ಪಿನ ಸ್ವಂತ ಪಾಲು ಸಾಮಾನ್ಯವಾಗಿ 1 ಮಿಲ್ ಆಸುಪಾಸು, ಅದರ ಮೇಲೆ ಜನ ಓಟು ಹಾಕಿ ಒಪ್ಪಿದ್ದಷ್ಟು. ಶಾಲೆಯ ತೆರಿಗೆ ಎರಡೂ ಕಡೆ ಒಂದೇ, ಯಾಕೆಂದರೆ ಶಾಲೆಯ ಜಿಲ್ಲೆ ಈ ಗಡಿಗಳನ್ನು ನೋಡಿ ನಡೆಯೋದಿಲ್ಲ. ಡೌನ್‌ಟೌನ್‌ನ ಅದೇ ಹೈಸ್ಕೂಲು, ಅದೇ ಹಳದಿ ಬಸ್ಸು.

ಇಲ್ಲೊಂದು ಪಾಠ ಇದೆ, ಬೇಗ ಹೇಳಿ ಮುಗಿಸುತ್ತೇನೆ. 1995ರಿಂದ ಮಿಶಿಗನ್‌ನಲ್ಲಿ ತೆರಿಗೆಯ ಮೌಲ್ಯ ವರ್ಷಕ್ಕೆ 5% ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅಷ್ಟೇ ಏರಬಹುದು. ಮನೆ ಮಾರಾಟವಾದರೆ ಆ ಮುಚ್ಚಳ ಹಾರಿಹೋಗುತ್ತದೆ. ಮರುವರ್ಷ ಮೌಲ್ಯ ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಜಿಗಿಯುತ್ತದೆ. ಹಳೇ ಮಾಲೀಕರ ತೆರಿಗೆ ರಸೀದಿ ನೋಡಿ ಭಾವ ಮಾಡಿಟ್ಟಿದ್ದ ಲೆಕ್ಕವೆಲ್ಲ ಒಂದೇ ವರ್ಷದಲ್ಲಿ ತಲೆಕೆಳಗಾಯಿತು. ಆದರೂ ಸಿಟಿಗಿಂತ ಕಡಿಮೆಯೇ.

ಮನೆ ವಿಮೆ ಮಾತ್ರ ಉಲ್ಟಾ. ಅಗ್ನಿಶಾಮಕದವರು ಎಷ್ಟು ಬೇಗ ಬಂದು ನೀರು ಹಾಯಿಸಬಲ್ಲರು ಅನ್ನೋದನ್ನು ವಿಮೆಯವರು 1ರಿಂದ 10ರ ತನಕ ದರ್ಜೆ ಹಾಕಿ ನೋಡುತ್ತಾರೆ, 10 ಅಂದರೆ ಕೆಟ್ಟದ್ದು. 1,000 ಅಡಿಯೊಳಗೆ ಹೈಡ್ರಂಟ್ (ಬೆಂಕಿ ಆರಿಸೋಕೆ ರಸ್ತೆ ಬದಿಯಲ್ಲಿರೋ ನೀರಿನ ನಲ್ಲಿ) ಇದೆಯಾ, 5 ಮೈಲಿಯೊಳಗೆ ಸ್ಟೇಷನ್ ಇದೆಯಾ, ಇದು ಮುಖ್ಯ. ಇವರಿಗೆ ಸ್ಟೇಷನ್ ಇದೆ, ಹೈಡ್ರಂಟ್ ಇಲ್ಲ. ಸಿಟಿಯ ನೀರಿನ ಪೈಪೇ ಬಂದಿಲ್ಲ, ಹೈಡ್ರಂಟ್ ಎಲ್ಲಿಂದ ಬರಬೇಕು! ಬೆಂಕಿ ಬಿದ್ದರೆ ಟ್ಯಾಂಕರ್‌ನಲ್ಲಿ ನೀರು ಹೊತ್ತು ತರಬೇಕು.

ಕುಡಿಯೋಕೆ ಬೋರ್‌ವೆಲ್, ಬಿಸಿಗೆ ಅಂಗಳದಲ್ಲಿ ಪ್ರೊಪೇನ್ ಟ್ಯಾಂಕು, ಹೊರಹೋಗೋ ನೀರಿಗೆ ಸೆಪ್ಟಿಕ್. ಅಂದರೆ ಸಿಟಿಯ ಮೂರು ಇಲಾಖೆಗಳು ಮಾಡೋ ಕೆಲಸ ಇಲ್ಲಿ ಮನೆಯವರ ತಲೆ ಮೇಲೆ. ಮನೆ ತಗೊಳ್ಳುವಾಗ ಭಾವ ಇದನ್ನು ಕೇಳಿ ತಲೆಯಾಡಿಸಿದ್ದರು. ಅರ್ಥವಾಗಿರಲಿಲ್ಲ.

ಏನು ಕೆಟ್ಟಿತು, ಯಾಕೆ ಕೆಟ್ಟಿತು

ಸೆಪ್ಟಿಕ್ ಅಂದರೆ ಬರೀ ಟ್ಯಾಂಕು ಅಂತ ನಾನೂ ಅಂದುಕೊಂಡಿದ್ದೆ. ಟ್ಯಾಂಕು ಮೊದಲರ್ಧ ಅಷ್ಟೇ. ಇವರದು 1,000 ಗ್ಯಾಲನ್, ಸುಮಾರು 3,800 ಲೀಟರ್. ಗಟ್ಟಿ ಪದಾರ್ಥ ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಡ್ರೈನ್ ಫೀಲ್ಡ್‌ಗೆ ಹೋಗುತ್ತದೆ. ಅಲ್ಲಿ ತೂತಿನ ಪೈಪುಗಳು, ಕೆಳಗೆ ಕಲ್ಲು, ಅದರ ಕೆಳಗೆ ಮಣ್ಣು. ನಿಜವಾಗಿ ನೀರನ್ನು ಶುದ್ಧ ಮಾಡೋದು ಆ ಮಣ್ಣು ಮತ್ತು ಅದರಲ್ಲಿರೋ ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ಗಾಳಿ ಆಡುತ್ತಿರಬೇಕು, ನೀರು ಇಳಿಯೋಕೆ ಸಂದು ಇರಬೇಕು. ಟ್ಯಾಂಕನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ಖಾಲಿ ಮಾಡಿಸಬಹುದು. ಕೆಟ್ಟ ಮಣ್ಣನ್ನು ಖಾಲಿ ಮಾಡಿಸೋಕಾಗಲ್ಲ.

ಪಂಪ್ ಮಾಡಲು ಬಂದವರು ಮುಚ್ಚಳ ತೆಗೆದು ಅಕ್ಕನನ್ನು ಕರೆದು ತೋರಿಸಿದರಂತೆ. ಮೇಲಿನ ಜಿಡ್ಡಿನ ಪದರ ಒಂದು ಗೇಣಿಗಿಂತ ದಪ್ಪ. ಸಿಂಕಿನ ಗ್ರೈಂಡರ್‌ಗೆ ಹಾಕಿದ್ದ ತರಕಾರಿ ಸಿಪ್ಪೆ, ಬಾಣಲೆ ತೊಳೆದ ಎಣ್ಣೆ, ಎಲ್ಲ ಅಲ್ಲೇ ಇತ್ತು. "ನಾನು ಹಾಕಿದ ಒಗ್ಗರಣೆ ಎಲ್ಲ ಅಲ್ಲಿ ತೇಲ್ತಿತ್ತು" ಅಂತ ಅಕ್ಕ ಈಗ ನಗುತ್ತಾಳೆ. ಆವತ್ತು ನಕ್ಕಿರಲಿಲ್ಲ. ಮೇಲಿನ ಬಾತ್‌ರೂಮಿನ ಫ್ಲಶ್ ಟ್ಯಾಂಕ್ ಸಣ್ಣಗೆ ಸೋರುತ್ತಿತ್ತು, ಯಾರೂ ಗಮನಿಸಿರಲಿಲ್ಲ. ಹಾಗೆ ಸೋರೋ ಒಂದು ಟಾಯ್ಲೆಟ್ ದಿನಕ್ಕೆ 200 ಗ್ಯಾಲನ್ ತನಕ ನೀರು ಹರಿಸಬಲ್ಲದು. ಸಿಟಿಯಲ್ಲಾಗಿದ್ದರೆ ನೀರಿನ ಬಿಲ್ಲು ಏರಿ ಎಚ್ಚರಿಸುತ್ತಿತ್ತು. ಬೋರ್‌ವೆಲ್‌ಗೆ ಬಿಲ್ಲು ಎಲ್ಲಿ?

ಇವೆಲ್ಲ ಸೇರಿ ಹೊರೆಯಾಯಿತು, ನಿಜ. ಆದರೆ ದೊಡ್ಡ ಪೆಟ್ಟು ಬಿದ್ದಿದ್ದು ಮೂರು ವರ್ಷ ಹಿಂದೆ, ಗೃಹಪ್ರವೇಶದ ದಿನ. ಆಗಸ್ಟ್ ತಿಂಗಳು, ಹಿಂದಿನ ರಾತ್ರಿ ಮಳೆ ಬಂದಿತ್ತು. ನಲವತ್ತು ಕಾರು ಬಂದಿದ್ದವು. ಮನೆ ಮುಂದೆ ಸಮತಟ್ಟಾದ, ಹಸಿರಾಗಿ ಬೆಳೆದ ಹುಲ್ಲಿನ ಜಾಗ. "ಇಲ್ಲಿ ಹಾಕಿ, ಇಲ್ಲಿ ಹಾಕಿ" ಅಂತ ಕೈ ತೋರಿಸುತ್ತ ನಿಂತಿದ್ದವನು ನಾನೇ. ಹುಲ್ಲು ಅಷ್ಟು ಚೆನ್ನಾಗಿ ಬೆಳೆದಿದ್ದು ಯಾಕೆ ಅಂತ ಆವತ್ತು ಯಾರೂ ಕೇಳಲಿಲ್ಲ. ಅದೇ ಡ್ರೈನ್ ಫೀಲ್ಡ್. ಮುಂದಿನ ಬೇಸಿಗೆಗಳಲ್ಲೂ ನೆಂಟರು ಬಂದಾಗಲೆಲ್ಲ ಅದೇ ಪಾರ್ಕಿಂಗ್ ಆಯಿತು. ಒದ್ದೆ ಜೇಡಿಮಣ್ಣಿನ ಮೇಲೆ ಚಕ್ರ ಹರಿದರೆ ಸಂದುಗಳು ಮುಚ್ಚಿಕೊಂಡು ಇಟ್ಟಿಗೆಯ ಹಾಗಾಗುತ್ತದೆ. ಕೆಲವು ಪೈಪುಗಳೂ ಒಡೆದಿದ್ದವು.

ಮನೆ ತಗೊಳ್ಳುವಾಗ ಸೆಪ್ಟಿಕ್ ಪರೀಕ್ಷೆ ಮಾಡಿಸಿರಲಿಲ್ಲ. ಮಿಶಿಗನ್‌ನಲ್ಲಿ ಇಡೀ ರಾಜ್ಯಕ್ಕೆ ಒಂದೇ ಸೆಪ್ಟಿಕ್ ಕಾನೂನು ಇಲ್ಲ. ಮಾರಾಟದ ಹೊತ್ತಿಗೆ ತಪಾಸಣೆ ಕಡ್ಡಾಯ ಇರೋದು ಬೆರಳೆಣಿಕೆಯ ಕೌಂಟಿಗಳಲ್ಲಿ. ಇವರದು ಅದರಲ್ಲಿಲ್ಲ.

ಮುಂದೇನು

ಭಾವನ ಮೊದಲ ಯೋಚನೆ ಸಿಟಿಯ ಒಳಚರಂಡಿ. ಅದರ ಕೊನೆಯ ಮ್ಯಾನ್‌ಹೋಲ್ ಇವರ ಮನೆಯಿಂದ ಮುಕ್ಕಾಲು ಮೈಲಿ ದೂರ, ಊರಂಚಿನ ಹೊಸ ಬಡಾವಣೆಯಲ್ಲಿ. ಸಂಜೆ ಹೊತ್ತು ಆ ಬಡಾವಣೆಯ ದೀಪಗಳು ಅಡುಗೆಮನೆ ಕಿಟಕಿಯಿಂದ ಕಾಣುತ್ತವೆ. ಅಷ್ಟು ಹತ್ತಿರ. ಸಿಟಿ ಆಫೀಸಿನಲ್ಲಿ ಸೌಜನ್ಯದಿಂದಲೇ ಮಾತಾಡಿದರು, ಆದರೆ ಸಿಟಿಯ ಪೈಪು ಸಿಟಿಯೊಳಗಿನವರಿಗೆ ಅಂದರು. ಹಾಗಾದರೆ ನಮ್ಮನ್ನೂ ಸಿಟಿಗೆ ಸೇರಿಸಿಕೊಳ್ಳಿ ಅಂದರೆ, ನಿಮ್ಮ ಜಾಗ ಸಿಟಿಯ ಗಡಿಗೆ ತಾಗಿಕೊಂಡಿರಬೇಕು ಅಂದರು. ನಡುವೆ ಎರಡು ಹೊಲ ಇವೆ. ಹಾರಿಕೊಂಡು ಹೋಗಿ ಸೇರೋಕಾಗಲ್ಲ. ಸಿಟಿ ಮತ್ತು ಟೌನ್‌ಶಿಪ್ ಇಬ್ಬರೂ ಒಪ್ಪಿ ಜಾಗ ವರ್ಗಾಯಿಸಿಕೊಳ್ಳುವ ಒಂದು ದಾರಿ 1984ರ ಕಾನೂನಿನಲ್ಲಿದೆ. ಅದು ಕಾರ್ಖಾನೆ, ಬಡಾವಣೆಯಂಥ ಯೋಜನೆಗಳಿಗೆ. ಒಂದು ಮನೆಯ ಬಚ್ಚಲಿಗೋಸ್ಕರ ಎರಡು ಸರ್ಕಾರಗಳು ಕೂತು ಸಹಿ ಹಾಕುತ್ತವಾ?

ಇನ್ನೊಂದು ದಾರಿ, ರಸ್ತೆಯ ಉದ್ದಕ್ಕೂ ಇರುವವರೆಲ್ಲ ಸೇರಿ ಟೌನ್‌ಶಿಪ್ ಮೂಲಕ ಪೈಪು ಹಾಕಿಸಿಕೊಂಡು ಖರ್ಚು ಹಂಚಿಕೊಳ್ಳೋದು. ಭಾವ ಇದನ್ನು ಹಿಡಿದುಕೊಂಡು ಏಪ್ರಿಲ್‌ನ ಟೌನ್‌ಶಿಪ್ ಸಭೆಗೆ ಹೋದರು. ನಾನೂ ಜೊತೆಗಿದ್ದೆ. ಹೊಲದ ನಡುವೆ ಒಂದು ಸಣ್ಣ ಕಟ್ಟಡ, ಮಡಚೋ ಕುರ್ಚಿ, ಹನ್ನೊಂದು ಜನ. ಸಾರ್ವಜನಿಕರಿಗೆ ಮಾತಾಡಲು ತಲಾ ಮೂರು ನಿಮಿಷ. ಭಾವ ಸ್ಲೈಡ್‌ಗಳನ್ನು ಪ್ರಿಂಟ್ ಮಾಡಿಕೊಂಡು ಹೋಗಿದ್ದರು ಪಾಪ.

ಅವರು ಕೂತ ಮೇಲೆ ಪಕ್ಕದ ಹೊಲದ ಅಜ್ಜ ಎದ್ದರು. ಅಕ್ಕನ ಮನೆಯ ಡ್ರೈವ್‌ವೇ ಹಿಮವನ್ನು ತಮ್ಮ ಟ್ರ್ಯಾಕ್ಟರ್‌ನಲ್ಲಿ ಎಷ್ಟೋ ಸಲ ತೆಗೆದುಕೊಟ್ಟವರು. "ಇವರ ಕಷ್ಟ ನನಗೆ ಗೊತ್ತು. ಆದರೆ ಪೈಪು ಬಂದ ಮೇಲೆ ಅದರ ಹಿಂದೆ ಮನೆಗಳು ಬರುತ್ತವೆ. ಮನೆಗಳು ಬಂದ ಮೇಲೆ ನನ್ನ ಗೊಬ್ಬರದ ವಾಸನೆಗೆ ದೂರು ಬರುತ್ತದೆ" ಅಂದರು. ಅಷ್ಟೇ. ಮೂರು ನಿಮಿಷವೂ ಬೇಕಾಗಲಿಲ್ಲ.

ಕ್ಲರ್ಕ್ ಆಮೇಲೆ ಲೆಕ್ಕ ಬಿಡಿಸಿ ಹೇಳಿದರು. 1954ರ ಕಾನೂನಿನ ಪ್ರಕಾರ, ಆ ಪ್ರದೇಶದ ಜಮೀನಿನಲ್ಲಿ 20%ಕ್ಕಿಂತ ಜಾಸ್ತಿ ಇರುವವರು ಬರೆದು ವಿರೋಧಿಸಿದರೆ, 50%ಕ್ಕಿಂತ ಜಾಸ್ತಿ ಜಮೀನಿನವರ ಅರ್ಜಿ ಇಲ್ಲದೆ ಟೌನ್‌ಶಿಪ್ ಮುಂದುವರಿಯುವಂತಿಲ್ಲ. ಗಮನಿಸಿ, ತಲೆ ಲೆಕ್ಕ ಅಲ್ಲ, ಜಮೀನಿನ ಲೆಕ್ಕ. ರಸ್ತೆಯಲ್ಲಿ ಐದು ಮನೆ ಅಕ್ಕನ ಮನೆಯಂಥವು, 5 ಎಕರೆ, 10 ಎಕರೆ. ಅಜ್ಜನೊಬ್ಬರದೇ 160 ಎಕರೆ. ಕಾರಿನಲ್ಲಿ ಬರುವಾಗ ಭಾವ ಸಿಡುಕುತ್ತಿದ್ದರು. ನನಗೇನೋ ಅಜ್ಜ ಹೇಳಿದ್ದು ಸರಿ ಅನ್ನಿಸಿತು. ಈ ಹೊಲಗಳಿರೋದಕ್ಕೇ ಅಲ್ವಾ ಇವರು ಇಲ್ಲಿ ಮನೆ ತಗೊಂಡಿದ್ದು? ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಮಾರಿ ಹೋಗೋಣ ಅನ್ನೋ ಮಾತೂ ಬಂತು. ಮಾರುವವರು ತಮಗೆ ಗೊತ್ತಿರುವ ದೋಷಗಳನ್ನು, ಸೆಪ್ಟಿಕ್‌ನದ್ದೂ ಸೇರಿ, ಬರೆದುಕೊಡಬೇಕು. ಅದು 1993ರ ಕಾನೂನು. ಹಾಗೆ ಬರೆದ ಮೇಲೆ ಸಿಗೋ ಬೆಲೆಯಲ್ಲಿ ಹೊಸ ಡ್ರೈನ್ ಫೀಲ್ಡ್‌ನ ಖರ್ಚು ಹೇಗೂ ಕಳೆದುಹೋಗುತ್ತದೆ. ಆ ಮಾತು ಅಲ್ಲಿಗೇ ನಿಂತಿತು.

ಉಳಿದಿದ್ದು ಒಂದೇ, ತಮ್ಮ 5 ಎಕರೆಯಲ್ಲೇ ಹೊಸ ಫೀಲ್ಡ್. ಐದು ಎಕರೆಯಲ್ಲಿ ಜಾಗಕ್ಕೇನು ಬರ ಅನ್ನಿಸಬಹುದು. ಕೌಂಟಿಯ ಆರೋಗ್ಯ ಇಲಾಖೆಯಿಂದ ಬಂದವರು ಭೈರಿಗೆಯಂಥ ಸಲಕರಣೆಯಿಂದ ಆರು ಕಡೆ ಮಣ್ಣು ತೆಗೆದು ನೋಡಿದರು. ಮಣ್ಣಿನಲ್ಲಿ ಬೂದು, ಕೆಂಪು ಚುಕ್ಕೆಗಳಿದ್ದರೆ ವರ್ಷದ ಯಾವುದೋ ಕಾಲದಲ್ಲಿ ನೀರು ಅಷ್ಟು ಮೇಲೆ ಬಂದು ನಿಲ್ಲುತ್ತದೆ ಅಂತ ಅರ್ಥ. ನಾಲ್ಕು ಕಡೆ ಚುಕ್ಕೆ ಸಿಕ್ಕವು. ಒಂದು ಕಡೆ ಬೋರ್‌ವೆಲ್ ಹತ್ತಿರವಾಯಿತು, 50 ಅಡಿ ಅಂತರ ಬೇಕೇ ಬೇಕು. ಹಳೇ ಪರ್ಮಿಟ್‌ನಲ್ಲಿ "ಮುಂದೆ ಬೇಕಾದರೆ" ಅಂತ ಮೀಸಲಿಟ್ಟಿದ್ದ ಜಾಗದ ಮೇಲೆ ಹಳೇ ಮಾಲೀಕರು ದೊಡ್ಡ ಕೊಟ್ಟಿಗೆ ಕಟ್ಟಿಬಿಟ್ಟಿದ್ದರು. ಕೊನೆಗೆ ಮನೆಯ ಪಶ್ಚಿಮಕ್ಕೆ, ಅಕ್ಕ ಮೂರು ವರ್ಷದಿಂದ ಮಾಡಿದ್ದ ತರಕಾರಿ ತೋಟದ ಜಾಗ ನಿಕ್ಕಿಯಾಯಿತು. ಅಲ್ಲೂ ನೇರವಾಗಿ ಅಲ್ಲ, ಮರಳು ತಂದು ದಿಬ್ಬ ಮಾಡಿ, ಪಂಪಿನಿಂದ ನೀರನ್ನು ಮೇಲಕ್ಕೆತ್ತಿ ಹಾಯಿಸಬೇಕು.

ಕಾಯುವ ಕಾಲ

ಪರ್ಮಿಟ್ ಸಿಕ್ಕರೂ ಕೆಲಸ ಶುರುವಾಗಲಿಲ್ಲ. ಇಲ್ಲಿ ವಸಂತದಲ್ಲಿ ನೆಲದೊಳಗಿನ ಹಿಮ ಕರಗುವಾಗ ರಸ್ತೆಗಳು ಮೆತ್ತಗಾಗುತ್ತವೆ. ಆಗ ಲಾರಿಗಳ ಭಾರಕ್ಕೆ ಮಿತಿ ಬೀಳುತ್ತದೆ. ಜನ ಇದನ್ನು ಫ್ರಾಸ್ಟ್ ಲಾ ಅನ್ನುತ್ತಾರೆ. ಕಾಂಕ್ರೀಟ್ ಅಲ್ಲದ ರಸ್ತೆಗಳಲ್ಲಿ 35% ಕಡಿತ. ಮರಳಿನ ಲಾರಿ ತುಂಬಿಕೊಂಡು ಬರುವಂತಿಲ್ಲ. ರಸ್ತೆಯಾದರೂ ಟೌನ್‌ಶಿಪ್ಪಿನ ಕೈಯಲ್ಲಿದೆಯಾ ಅಂದರೆ ಅದೂ ಇಲ್ಲ, 1931ರ ಕಾನೂನಿನಿಂದ ಟೌನ್‌ಶಿಪ್ ರಸ್ತೆಗಳೆಲ್ಲ ಕೌಂಟಿಗೆ ಹೋದವು. ಮಿತಿ ತೆಗೆದ ಮೇಲೂ ಮಣ್ಣು ಒಣಗಬೇಕು. ಒದ್ದೆ ಜೇಡಿಯ ಮೇಲೆ ಯಂತ್ರ ಓಡಿಸಿದರೆ ಹೊಸ ಫೀಲ್ಡೂ ಹಳೆಯದರ ಹಾದಿ ಹಿಡಿಯುತ್ತದೆ.

ಈ ಮೂರು ತಿಂಗಳು ಮನೆಯವರನ್ನು ಕಾಪಾಡಿದ್ದು ಆ ಡೌನ್‌ಟೌನ್. ನಮ್ಮನೆಗೆ ಬಟ್ಟೆ ತಂದಿದ್ದು ಎರಡೇ ಸಲ. ಆಮೇಲೆ ಅಕ್ಕನಿಗೆ ಮೇನ್ ಸ್ಟ್ರೀಟ್ ಹಿಂದಿನ ಲಾಂಡ್ರೊಮ್ಯಾಟ್ ಗೊತ್ತಾಯಿತು. ಬುಧವಾರ, ಶನಿವಾರ ಅಲ್ಲಿ ಬಟ್ಟೆ, ಅದು ಒಗೆದು ಒಣಗೋ ತನಕ ಪಕ್ಕದ ಲೈಬ್ರರಿ. ಈ ಟೌನ್‌ಶಿಪ್ ಆ ಲೈಬ್ರರಿ ಜೊತೆ ಒಪ್ಪಂದ ಮಾಡಿಕೊಂಡಿದ್ದರಿಂದ ಮಕ್ಕಳಿಗೆ ಕಾರ್ಡ್ ಸಿಕ್ಕಿತು. ಸ್ನಾನಕ್ಕೆ ಜಿಮ್ಮಿನ ಸದಸ್ಯತ್ವ. ಮನೆಯಲ್ಲಿ ಪಾತ್ರೆ ತೊಳೆದ ನೀರು ಬಕೆಟ್ಟಿಗೆ ಅಳೆದು ಬಿಡೋದು, ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸೋದು. ಆ ಲಾರಿಯೂ ಫ್ರಾಸ್ಟ್ ಲಾ ಕಾರಣಕ್ಕೆ ಅರ್ಧಂಬರ್ಧ ತುಂಬಿಕೊಂಡು ಹೋಗುತ್ತಿತ್ತು.

ಮೂರು ವರ್ಷ ಆ ಊರಿಗೆ ಅಕ್ಕ ಹಾಲು ತರೋಕೆ, ಶನಿವಾರದ ಸಂತೆಗೆ ಮಾತ್ರ ಹೋಗುತ್ತಿದ್ದಳು. ಯಾರ ಹೆಸರೂ ಗೊತ್ತಿರಲಿಲ್ಲ. ಲಾಂಡ್ರೊಮ್ಯಾಟ್‌ನಲ್ಲಿ ಗೊತ್ತಾದರು. ನಿಮ್ಮದೂ ಫೀಲ್ಡ್ ಹೋಯ್ತಾ ಅಂತ ಕೇಳಿದವರೇ ನಾಲ್ಕು ಜನ. ಮರಳು ದಿಬ್ಬ ಚೆನ್ನಾಗಿ ಮಾಡೋ ಕಂಟ್ರ್ಯಾಕ್ಟರ್ ಯಾರು, ಯಾರನ್ನು ಕರೀಬಾರದು ಅನ್ನೋದು ತಿಳಿದಿದ್ದೂ ಅಲ್ಲೇ, ಡ್ರೈಯರ್ ಮುಂದೆ ಕೂತು. ಮೂರು ಮೈಲಿಯ ಬದಲು ಮೂವತ್ತು ಮೈಲಿ ದೂರ ಇದ್ದಿದ್ದರೆ ಇವರು ಬಹುಶಃ ಮನೆ ಖಾಲಿ ಮಾಡಬೇಕಾಗುತ್ತಿತ್ತು.

ಒಂದು ವಿಷಯ ಸರಿಹೋಗಿಲ್ಲ, ಅದನ್ನೂ ಬರೆಯಬೇಕು. ಹದಿಮೂರು ವರ್ಷದ ನನ್ನ ಸೋದರ ಸೊಸೆಗೆ ಆ ಮೂರು ಮೈಲಿ ಇನ್ನೂ ಮೂವತ್ತೇ. ಫುಟ್‌ಪಾತ್ ಇಲ್ಲ, ಕಾರುಗಳು ಗಂಟೆಗೆ 55 ಮೈಲಿ ವೇಗದಲ್ಲಿ ಹೋಗುತ್ತವೆ, ಮುಸ್ಸಂಜೆ ಜಿಂಕೆ ಕಾಟ. ಸೈಕಲ್‌ನಲ್ಲಿ ಕಳಿಸೋಕೆ ಭಯ. ಗೆಳತಿಯರೆಲ್ಲ ಊರೊಳಗಿದ್ದಾರೆ. ಏಳು ನಿಮಿಷ ಅನ್ನೋದು ಕಾರ್ ಓಡಿಸೋಕೆ ಬರುವವರ ಲೆಕ್ಕ.

ಜೂನ್

ಜೂನ್ ಮೊದಲ ವಾರ ಮಣ್ಣು ಒಣಗಿತು. ತರಕಾರಿ ಪಾತಿ ಕಿತ್ತರು. ಮರಳು ಬಂತು, ಪೈಪು ಬಂತು, ಮೇಲೆ ಮಣ್ಣು, ಹುಲ್ಲಿನ ಬೀಜ, ಒಣಹುಲ್ಲಿನ ಹೊದಿಕೆ. ಎಷ್ಟು ಖರ್ಚಾಯಿತು ಅಂತ ಭಾವ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ಎರಡು ವರ್ಷ ಇಂಡಿಯಾ ಪ್ರಯಾಣ ಇಲ್ಲ ಅಂದಿದ್ದಾರೆ, ಅಷ್ಟು ಗೊತ್ತು.

ಹೊಸ ವ್ಯವಸ್ಥೆಗೆ ಪಂಪ್ ಇದೆ, ಪಂಪಿಗೆ ಕರೆಂಟ್ ಬೇಕು. ಬೋರ್‌ವೆಲ್‌ಗಂತೂ ಬೇಕೇ ಬೇಕು. ಮಂಜುಮಳೆಗೆ ತಂತಿ ಹರಿದರೆ ಒಳಗೆ ಬರೋ ನೀರೂ ಇಲ್ಲ, ಹೊರಗೆ ಹೋಗೋ ನೀರಿಗೂ ದಾರಿಯಿಲ್ಲ. ಆದ್ದರಿಂದ ಜನರೇಟರ್ ಕೂಡ ಬಂತು. ಹಾಕೋಕೆ ಸಹಾಯ ಮಾಡಿದ್ದು ಪಕ್ಕದ ಹೊಲದ ಅಜ್ಜನೇ. ಸಭೆಯ ವಿಷಯ ಇಬ್ಬರೂ ಎತ್ತಲಿಲ್ಲ. ಜನರೇಟರ್ ಒಮ್ಮೆ ಶುರು ಮಾಡಿ ನೋಡಿ, "ಮುಂದಿನ ಸಭೆಗೆ ಬರ್ತೀರಿ ತಾನೆ? ಜಲ್ಲಿ ರಸ್ತೆಗೆ ಧೂಳು ಕೂರಿಸೋ ಉಪ್ಪುನೀರು ಈ ವರ್ಷ ಒಂದೇ ಸಲ ಅಂತಿದ್ದಾರೆ. ನಾವಿಬ್ಬರೂ ಮಾತಾಡಿದರೆ ಆರು ನಿಮಿಷ ಆಗುತ್ತೆ" ಅಂದರು. ಭಾವ ಹೋದರು.

ಈ ಸಲ ಗಣೇಶನ ಹಬ್ಬಕ್ಕೆ ಹೋದಾಗ ಮನೆ ಮುಂದೆ ಒಬ್ಬರೂ ಕಾರ್ ನಿಲ್ಲಿಸುವ ಹಾಗಿರಲಿಲ್ಲ. ಹಳೇ ಫೀಲ್ಡ್ ಸುತ್ತ, ಹೊಸ ದಿಬ್ಬದ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಟ್ಯಾಂಕು, ಪೈಪು, ಬೋರ್‌ವೆಲ್ ಎಲ್ಲಿವೆ ಅಂತ ಅಡಿ ಲೆಕ್ಕದಲ್ಲಿ ಅಳೆದು ಭಾವ ಬರೆದ ನಕ್ಷೆಯನ್ನು ಅಕ್ಕ ಲ್ಯಾಮಿನೇಟ್ ಮಾಡಿಸಿ ಅಡುಗೆಮನೆಯ ಸಿಂಕ್ ಮೇಲೆ ಅಂಟಿಸಿದ್ದಾಳೆ. ಸಿಂಕಿನ ಪಕ್ಕ ಒಂದು ಹಳೇ ಡಬ್ಬ. ನಾನು ಬಾಣಲೆ ತೊಳೆಯೋಕೆ ಹೋದರೆ ಹಿಂದಿನಿಂದ ಕೂಗಿದಳು, "ಎಣ್ಣೆ ಡಬ್ಬಕ್ಕೆ ಸುರಿಯೋ, ಡಬ್ಬಕ್ಕೆ!"